ಕೇಪಿನ ಕೋವಿ ಕೈಗೆ ಬಂದರೆ: ಮೊದಲ ಈಡಿನಿಂದ ಸಂಜೆ ತೊಳೆಯುವವರೆಗೆ

ಮನೆಯ ಹಳೇ ಕೇಪಿನ ಕೋವಿಯನ್ನು, ಅಂದರೆ ಬಾಯಿಯಿಂದ ಮದ್ದು ಗುಂಡು ತುಂಬಿ, ಕೇಪು ಅನ್ನುವ ಸಿಡಿಯುವ ಸಣ್ಣ ಲೋಹದ ಟೋಪಿಯಿಂದ ಹೊತ್ತಿಸುವ ಕೋವಿಯನ್ನು, ಮೊದಲ ಸಲ ಕೈಗೆ ತೆಗೆದುಕೊಳ್ಳುತ್ತಿದ್ದೀರಾ? ಹಾಗಾದರೆ ಮದ್ದು, ಗುಂಡು ಎಲ್ಲ ಆಮೇಲೆ. ಮೊದಲು ಅದರೊಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಗುಂಡು, ಇದೆಯಾ ಅಂತ ನೋಡಿ. ತೋಟಾ ಕೋವಿಯಾದರೆ ಮಡಚಿದ ಕೂಡಲೇ ಗೊತ್ತಾಗುತ್ತದೆ. ಬಾಯಿಯಿಂದ ತುಂಬುವ ಕೋವಿಗೆ ಹಿಂದೆ ತೆರೆಯುವ ಜಾಗವೇ ಇಲ್ಲ. ಅಜ್ಜನ ಕಾಲದಲ್ಲಿ ತುಂಬಿಟ್ಟ ಈಡು ಹಾಗೇ ಕೂತಿರಬಹುದು, ಮತ್ತು ಕರಿಮದ್ದು ಒಣಗಿದ್ದರೆ ಎಷ್ಟೋ ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ.

ನೋಡುವ ರೀತಿ ಸುಲಭ. ನಿಪ್ಪಲ್ ಮೇಲೆ, ಅಂದರೆ ನಳಿಗೆಯ ಬುಡದಲ್ಲಿ ಕೇಪು ಕೂರಿಸುವ ಸಣ್ಣ ಕೊಳವೆಯ ಮೇಲೆ, ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಳಿಗೆಯ ಬಾಯಿ ಯಾರ ಕಡೆಗೂ, ನಿಮ್ಮ ಮುಖದ ಕಡೆಗೂ ಇರಬಾರದು. ಜಡಿಯುವ ಕೋಲನ್ನು ನಿಧಾನಕ್ಕೆ ಒಳಗೆ ಬಿಡಿ, ಬಾಯಿ ಹತ್ತಿರ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿಯಿರಿ. ಕೋಲಿನ ತುದಿ ನಿಪ್ಪಲ್ ಇರುವ ಜಾಗದ ತನಕ ಹೋಗಿದ್ದರೆ ಖಾಲಿ. ಎರಡು ಮೂರು ಬೆರಳು ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ. ಹೊಡೆದು ಖಾಲಿ ಮಾಡೋಣ ಅಂತ ದಯವಿಟ್ಟು ಹೋಗಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ವಿಷಯ ಹೇಳಿ, ಅವರೇ ತೆಗೆಯಲಿ. ಖಾಲಿ ಇದ್ದರೂ ಹಳೇ ಕೋವಿಯನ್ನು ಒಮ್ಮೆ ಅವರಿಗೆ ತೋರಿಸಲೇಬೇಕು. ಹೊರಗೆ ಪಾಲಿಶ್ ಹೊಳೆಯುತ್ತಿದ್ದರೂ ನಳಿಗೆಯ ಬುಡದಲ್ಲಿ ತುಕ್ಕು ತಿಂದು ಗುಳಿ ಬಿದ್ದಿರಬಹುದು, ಮತ್ತು ಈಡು ಸಿಡಿಯುವಾಗ ಪೂರ್ತಿ ಒತ್ತಡ ಬೀಳುವುದು ಅಲ್ಲೇ. ಬುಡ ಸರಿ ಇಲ್ಲ ಅಂದರೆ ಆ ಕೋವಿ ಗೋಡೆಯಲ್ಲೇ ಇರಲಿ, ಪೂಜೆಗೆ ಅಷ್ಟು ಸಾಕು.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ವಿನಾಯಿತಿ ಅಂದರೆ ಕಾಗದವೇ ಬೇಡ ಅಂತಲ್ಲ, ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಕೈಯಲ್ಲಿರಲಿ. ಉಳಿದವರಿಗೆ ಲೈಸೆನ್ಸ್ ಬೇಕೇ ಬೇಕು. ಬೇಟೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ನಾನು ಇಲ್ಲಿ ಹೇಳುವುದೆಲ್ಲ ಗುರಿ ಹೊಡೆಯುವುದಕ್ಕೆ ಮಾತ್ರ.

ಈಗ ಮದ್ದು. ಇದರಲ್ಲಿ ಒಂದು ತಪ್ಪಿಗೆ ಕ್ಷಮೆಯೇ ಇಲ್ಲ. ಬಾಯಿಯಿಂದ ತುಂಬುವ ಕೋವಿಗೆ ಕರಿಮದ್ದು ಮಾತ್ರ, ಅಥವಾ ಕೋವಿ ತಯಾರಿಸಿದವರು ಒಪ್ಪಿದ ಬದಲಿ ಮದ್ದು. ತೋಟಾ ಬಿಚ್ಚಿ ತೆಗೆದ ಹೊಗೆ ಇಲ್ಲದ ಮದ್ದನ್ನು ಒಂದು ಚಿಟಿಕೆ ಕೂಡ ಹಾಕಬಾರದು. ಅದರ ಒತ್ತಡ ಎಷ್ಟೋ ಪಟ್ಟು ಜಾಸ್ತಿ, ನಳಿಗೆ ಒಡೆಯುತ್ತದೆ, ಎಡಗೈ ಹೋಗುತ್ತದೆ. ಮದ್ದನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ, ಮನೆಯಲ್ಲಿ ಅರೆಯುವ ಯೋಚನೆ ಬೇಡ. ಕಾಳಿನ ಗಾತ್ರವನ್ನು ಎಫ್ ಅಕ್ಷರದಲ್ಲಿ ಹೇಳುತ್ತಾರೆ, ಎಫ್ ಜಾಸ್ತಿಯಾದಷ್ಟೂ ಕಾಳು ಸಣ್ಣ, ಉರಿ ಜೋರು. .50 (ಅಂದರೆ ಒಳಗೆ ಅರ್ಧ ಇಂಚು ಅಗಲ) ಮತ್ತು ಅದಕ್ಕಿಂತ ದೊಡ್ಡ ನಳಿಗೆಗೆ ಸಾಮಾನ್ಯವಾಗಿ ಎರಡು ಎಫ್, .45ರ ಒಳಗಿನದಕ್ಕೆ ಮೂರು ಎಫ್. ಇನ್ನೊಂದು ಮಾತು: ಮಳೆಗಾಲದಲ್ಲಿ ನಾವು ಒಣಗಲಿ ಅಂತ ಎಲ್ಲವನ್ನೂ ಒಲೆ ಮೇಲಿನ ಅಟ್ಟಕ್ಕೆ ಹಾಕುತ್ತೇವೆ ಅಲ್ವಾ, ಮದ್ದನ್ನು ಅಲ್ಲಿಗೆ ಹಾಕಲೇಬೇಡಿ. ಬಂದ ಡಬ್ಬಿಯಲ್ಲೇ, ಬೆಂಕಿ ಮತ್ತು ಕರೆಂಟ್ ಸ್ವಿಚ್‌ನಿಂದ ದೂರ, ಬೀಗದೊಳಗೆ ಇಡಿ. ಕೇಪು ಬೇರೆ ಕಡೆ.

ನಮ್ಮ ಮನೆಗಳ ಹಳೇ ಕೇಪಿನ ಕೋವಿಗಳಲ್ಲಿ ಜಾಸ್ತಿ ಪಾಲು ಒಳಗೆ ನುಣುಪಾದ, ಚರೆ (ಸಣ್ಣ ಸೀಸದ ಕಾಳು) ಹಾಕುವ ಕೋವಿಗಳು. ನಾನು ಮುಂದೆ ಹೇಳುವ ಗುಂಡು, ಬಟ್ಟೆ, ತುಂಬುವ ರೀತಿ ಎಲ್ಲ ರೈಫಲ್‌ನದು. ರೈಫಲ್ ಅಂದರೆ ನಳಿಗೆಯೊಳಗೆ ಸುರುಳಿ ಗೆರೆ ಇರುತ್ತದೆ, ಗುಂಡು ತಿರುಗುತ್ತಾ ಹೋಗುತ್ತದೆ, ಅದಕ್ಕೇ ಗುರಿ ನೇರ. ರೈಫಲ್‌ಗೆ ಮೆದು ಸೀಸದ ಉಂಡೆ ಗುಂಡು, ಅದರ ಸುತ್ತ ಜಿಡ್ಡು ಸವರಿದ ಗಟ್ಟಿ ಹತ್ತಿ ಬಟ್ಟೆಯ ತುಂಡು. .50 ನಳಿಗೆಗೆ .490 ಗುಂಡು, ಉಳಿದ ಜಾಗ ಬಟ್ಟೆಗೆ. ಸಿಂಥೆಟಿಕ್ ಬಟ್ಟೆ ಬೇಡ, ಕರಗಿ ಅಂಟುತ್ತದೆ. ಜಿಡ್ಡಿಗೆ ನಾನು ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿಕೊಳ್ಳುತ್ತೇನೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿ ಕಡೆ ಹೊಡೆಯುವುದಾದರೆ ಮೇಣ ಕಡಿಮೆ ಮಾಡಿ, ಇಲ್ಲದಿದ್ದರೆ ಬಟ್ಟೆ ರಟ್ಟಿನ ಹಾಗೆ ಆಗುತ್ತದೆ.

ಜಾಗ ಆರಿಸುವಾಗ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಬೇಕು. ಕಾಫಿ ತೋಟದ ಕಡೆಗೆ ಹೊಡೆಯಬೇಡಿ, ಗಿಡಗಳ ನಡುವೆ ಕೆಲಸದವರು ಬಗ್ಗಿದ್ದರೆ ಕಾಣುವುದಿಲ್ಲ. ಕೋವಿ ಪೂಜೆಯ ಹಬ್ಬ ಕೈಲ್‌ಪೊದ್ ದಿನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವುದು ನಮಗೆಲ್ಲ ಇಷ್ಟವೇ, ಆದರೆ ತಪ್ಪಿದ ಗುಂಡು ಎಲ್ಲೋ ಇಳಿಯುತ್ತದೆ. ಕಲಿಯುವವರು 25 ಮೀಟರ್ ದೂರದ ಕಾಗದದಿಂದ ಶುರು ಮಾಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಕೇಪಿನ ಚೂರು ಪಕ್ಕಕ್ಕೆ ಹಾರುತ್ತದೆ, ಹಾಗಾಗಿ ಬಲಗಡೆ ಯಾರೂ ನಿಲ್ಲಬಾರದು.

ತುಂಬುವ ಮುಂಚೆ ನಳಿಗೆಯೊಳಗಿನ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಆಮೇಲೆ ಖಾಲಿ ಕೋವಿಗೆ ಒಂದೆರಡು ಕೇಪು ಹಾಕಿ, ಬಾಯಿಯನ್ನು ಒಂದು ಹುಲ್ಲಿನ ಹತ್ತಿರ ಹಿಡಿದು ಹೊಡೆಯಿರಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ, ನಿಪ್ಪಲ್‌ನ ಎಣ್ಣೆಯೂ ಸುಟ್ಟುಹೋಗಿದೆ. ಇನ್ನು ಹಿಡಿಯನ್ನು ನೆಲಕ್ಕೆ ಊರಿ, ಬಾಯಿಯನ್ನು ಮುಖದಿಂದ ಆಚೆ ವಾಲಿಸಿ, ಅಳತೆ ಬಟ್ಟಲಲ್ಲಿ ಮದ್ದು ಅಳೆದು ಹಾಕಿ. ಡಬ್ಬಿಯಿಂದ ನೇರ ಸುರಿಯಬೇಡಿ. ಒಳಗೆ ಒಂದು ಕೆಂಡದ ಚೂರು ಉಳಿದಿದ್ದರೂ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಎಷ್ಟು ಮದ್ದು ಅನ್ನುವುದಕ್ಕೆ ಕೋವಿ ತಯಾರಿಸಿದವರ ಪುಸ್ತಕವೇ ಕೊನೆಯ ಮಾತು. ಹೊಸದಾಗಿ ತಯಾರಾದ .50 ರೈಫಲ್‌ಗೆ ಕಲಿಯುವವರು ಸಾಮಾನ್ಯವಾಗಿ 50 ಗ್ರೇನ್ ಹತ್ತಿರ ಶುರು ಮಾಡುತ್ತಾರೆ, ಅಂದರೆ ಸುಮಾರು 3.2 ಗ್ರಾಂ. ಜಾಸ್ತಿ ಮದ್ದು ಹಾಕಿದರೆ ಭುಜ ನೋಯುತ್ತದೆಯೇ ಹೊರತು ಗುರಿ ಸುಧಾರಿಸುವುದಿಲ್ಲ.

ಮದ್ದಿನ ಮೇಲೆ ಬಟ್ಟೆ, ಗುಂಡು. ಕೋಲನ್ನು ತುದಿಯಲ್ಲಿ ಹಿಡಿಯದೆ, ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು ಸಣ್ಣ ಸಣ್ಣದಾಗಿ ಒತ್ತಿ, ಮರದ ಕೋಲು ಮುರಿದರೆ ಅಂಗೈಗೆ ಚುಚ್ಚುತ್ತದೆ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಕೋಲಿನ ಮೇಲೆ ಎರಡು ಗೆರೆ ಮಾಡಿಕೊಳ್ಳಿ, ಖಾಲಿ ಕೋವಿಗೊಂದು, ತುಂಬಿದ ಕೋವಿಗೊಂದು. ಪ್ರತಿ ಸಲ ಗೆರೆ ನೋಡಿ. ಕೋಲನ್ನು ಹೊರಗೆ ತೆಗೆದು, ಹೊಡೆಯುವ ಜಾಗಕ್ಕೆ ಬಂದು, ಬಾಯಿ ಗುರಿಯ ಕಡೆ ತಿರುಗಿದ ಮೇಲೆ ಮಾತ್ರ ಕೇಪು.

ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದ ಮೇಲೂ ಗುರಿ ಹಿಡಿದೇ ಇರಿ. ಹೊಗೆಯಲ್ಲಿ ಏನೂ ಕಾಣುವುದಿಲ್ಲ, ಎಲ್ಲಿ ಬಿತ್ತು ಅಂತ ತಲೆ ಎತ್ತಬೇಡಿ. ಕೇಪು ಹೊಡೆದು ಈಡು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಎರಡು ನಿಮಿಷ ಕಾಯಿರಿ, ತಡವಾಗಿ ಹಾರುವುದುಂಟು. ಆಮೇಲೆ ಹೊಸ ಕೇಪು. ಒಂದು ಈಡಿನಿಂದ ಇನ್ನೊಂದಕ್ಕೆ ನಡುವೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಒಳಗಾಡಿಸಿ. ಕೆಂಡ ಆರುತ್ತದೆ, ಮುಂದಿನ ಗುಂಡೂ ಸಲೀಸಾಗಿ ಇಳಿಯುತ್ತದೆ. ತುಂಬುವಾಗ ಮಾತು ಬೇಡ. ನಾನು ಒಮ್ಮೆ ಭಾವನ ಜೊತೆ ಮಾತಾಡುತ್ತಾ ಮದ್ದು ಹಾಕದೆ ಗುಂಡು ಜಡಿದುಬಿಟ್ಟೆ. ಗೆರೆ ನೋಡಿದಾಗ ಕೋಲು ಜಾಸ್ತಿ ಕೆಳಗೆ ಹೋಗಿತ್ತು, ಹಾಗಾಗಿ ಗೊತ್ತಾಯಿತು. ತಿರುಪಿನ ಮೊನೆ ಹಾಕಿ ಆ ಗುಂಡು ಕೀಳಲು ಅರ್ಧ ದಿನ ಹಿಡಿಯಿತು.

ಇನ್ನು ತೊಳೆಯುವುದು. ಕೋವಿ ಉಳಿಯುವುದೂ ಹಾಳಾಗುವುದೂ ಇಲ್ಲೇ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಗಟ್ಟಿ ಮಸಿಯಾಗಿ ಉಳಿಯುತ್ತದೆ. ಅದರಲ್ಲಿ ಪೊಟ್ಯಾಶಿನ ಉಪ್ಪುಗಳಿವೆ, ಗಾಳಿಯ ತೇವ ಎಳೆದುಕೊಳ್ಳುತ್ತವೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ಹವೆಯಲ್ಲಂತೂ ಕೇಳುವುದೇ ಬೇಡ. ಒಂದು ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಕೊಯ್ಯುವಾಗ ನಾನೇ ಈಡು ಹಾರಿಸಿದ್ದೆ. ಆಮೇಲೆ ತಂಬುಟ್ಟು, ನೆಂಟರು, ಕೋಲಾಟ ಅಂತ ಮೂರು ದಿನ ಕೋವಿ ಮೂಲೆಯಲ್ಲೇ ಉಳಿಯಿತು. ಬಟ್ಟೆ ಹಾಕಿ ತೆಗೆದರೆ ಕೆಂಪು ಮಣ್ಣಿನ ಬಣ್ಣ. ದೊಡ್ಡಪ್ಪ ಆ ಬಟ್ಟೆಯನ್ನು ನೋಡಿದರು, ಒಂದು ಮಾತೂ ಆಡಲಿಲ್ಲ. ಆ ಗುಳಿಗಳು ಇವತ್ತಿಗೂ ಒಳಗಿವೆ. ಹೊಡೆದ ದಿನವೇ ತೊಳೆಯಿರಿ, ಊಟಕ್ಕೆ ಮುಂಚೆ.

ಈ ಉಪ್ಪು ಕರಗುವುದು ನೀರಿನಲ್ಲಿ, ಸೀಮೆಎಣ್ಣೆಯಲ್ಲಲ್ಲ. ಮೊದಲು ಕೋವಿ ಖಾಲಿ ಅಂತ ಕೋಲಿನಲ್ಲಿ ನೋಡಿ. ನಿಪ್ಪಲ್ ಬಿಚ್ಚಿ ನೀರಲ್ಲಿ ಹಾಕಿ. ನಳಿಗೆ ಕಳಚುವ ಹಾಗಿದ್ದರೆ ಕಳಚಿ, ಬುಡವನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟು, ಬಟ್ಟೆ ಸುತ್ತಿದ ಕೋಲನ್ನು ಮೇಲೆ ಕೆಳಗೆ ಆಡಿಸಿದರೆ ನೀರು ಪಂಪಿನ ಹಾಗೆ ಒಳಗೆ ಬಂದು ಹೋಗುತ್ತದೆ. ಒಂದು ಹನಿ ಪಾತ್ರೆ ಸೋಪು ಸಾಕು. ಕುದಿಯುವ ನೀರು ಬೇಡ, ಬೇಗ ಆರಿ ಕೂಡಲೇ ತೆಳು ತುಕ್ಕು ಬರುತ್ತದೆ, ಕೈ ತಡೆಯುವಷ್ಟು ಬಿಸಿ ಇರಲಿ. ನೀರು ತಿಳಿಯಾಗುವ ತನಕ ಮಾಡಿ. ನಂತರ ಒಣ ಬಟ್ಟೆ, ಮತ್ತೆ ಒಣ ಬಟ್ಟೆ, ಬೆಳ್ಳಗೆ ಬರುವವರೆಗೆ. ಕೊನೆಗೆ ಕೋವಿ ಎಣ್ಣೆ ತೆಳ್ಳಗೆ, ನಿಪ್ಪಲ್‌ನ ತಿರುಪಿಗೆ ಸ್ವಲ್ಪ ಗ್ರೀಸ್. ಮರದ ಹಿಡಿಗೆ ಅಗಸೆ ಎಣ್ಣೆ ವರ್ಷಕ್ಕೊಂದೆರಡು ಸಲ ಸಾಕು.

ಮಾರನೇ ದಿನ ಬಿಳಿ ಬಟ್ಟೆ ಹಾಕಿ ನೋಡಿ, ಕಂದು ಬಣ್ಣ ಬಂದರೆ ಇನ್ನೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಟ್ಟೆ ಚೀಲದಲ್ಲಿ ಕಟ್ಟಿಡಬೇಡಿ, ತೇವ ಹಿಡಿಯುತ್ತದೆ. ಕೈಲ್‌ಪೊದ್ ಬರುವುದೂ ಮಳೆ ಇನ್ನೂ ಬಿಡದ ಹೊತ್ತಿಗೇ. ಕುಟುಂಬದ ಮೂಲಮನೆ ಐನ್‌ಮನೆಯಲ್ಲಿ ಕೋವಿಗೆ ಗಂಧ ಹಚ್ಚಿ, ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಪೂಜೆ ಮುಗಿದ ಮೇಲೆ ಆ ಹೂವನ್ನು ಅಲ್ಲೇ ಬಾಡಲು ಬಿಡಬೇಡಿ. ತೆಗೆದು, ಗಂಧ ಒರೆಸಿ, ಒಂದು ಒಣ ಬಟ್ಟೆ, ಒಂದು ಎಣ್ಣೆ ಬಟ್ಟೆ ಒಳಗಾಡಿಸಿ ಕೋವಿಯನ್ನು ಮತ್ತೆ ಅದರ ಜಾಗಕ್ಕೆ ಇಡಿ.