ನೀರಿಗೆ ಹಾಕುವ ಮುಂಚೆ ಠಸ್ಸೆ ನೋಡಿ

1968ರ ಜುಲೈನಲ್ಲಿ ಬಂದ 20 ಪೈಸೆಯ ಅಂಚೆಚೀಟಿಯೊಂದಿದೆ. ಗೋಧಿ ತೆನೆ, ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ಗ್ರಂಥಾಲಯ, ಜೊತೆಗೆ 1951ರಿಂದ 1968ರವರೆಗೆ ಉತ್ಪಾದನೆ ಏರಿದ್ದನ್ನು ತೋರಿಸುವ ನಕ್ಷೆ. ಆ ಸಲ ದೇಶದ ಗೋಧಿ 1.6 ಕೋಟಿ ಟನ್ ದಾಟಿತ್ತು. ‘ಗೋಧಿ ಕ್ರಾಂತಿ’ಯ ಆ ಚೀಟಿಯನ್ನು ಬಿಡುಗಡೆ ಮಾಡಿದ್ದು ಇಂದಿರಾ ಗಾಂಧಿ. ಅಂಚೆಯಲ್ಲಿ ಬಳಸಿದ ಚೀಟಿಗಳಲ್ಲಿ ಬೇಸಾಯದ ಚರಿತ್ರೆಯನ್ನು ಕೂಡಿಡುವ ಆಸೆ ಇದ್ದವರು ಇದರಿಂದಲೇ ಶುರು ಮಾಡಬಹುದು.

ಮೊದಲು ಅಟ್ಟ ಹತ್ತಿ. ತಾತನ ಟ್ರಂಕಿನಲ್ಲಿ ಸಿಗುವ ಇನ್‌ಲ್ಯಾಂಡ್ ಲೆಟರು, ಕಾರ್ಡುಗಳಲ್ಲಿ ಚೀಟಿ ಅಚ್ಚಾಗಿಯೇ ಬಂದಿರುತ್ತದೆ, ಅವು ಬೇಡ. ನಮಗೆ ಬೇಕಾದ್ದು ಲಕೋಟೆ, ಅದರಲ್ಲೂ ರಿಜಿಸ್ಟರ್ಡ್ ಲಕೋಟೆ. ಪರಿಚಯದ ಮಂಡಿ ವರ್ತಕರನ್ನು ಕೇಳಿದರೆ ರದ್ದಿಗೆ ಹೋಗುವ ಕಟ್ಟನ್ನೇ ಕೊಟ್ಟುಬಿಡುತ್ತಾರೆ. ಕಾಗದದ ಚೂರಿನ ಸಮೇತ ತೂಕದ ಲೆಕ್ಕದಲ್ಲಿ ಮಾರುವವರೂ ಇದ್ದಾರೆ.

ಬಂದದ್ದನ್ನು ವಿಂಗಡಿಸಿ. 1959ರ ವಿಶ್ವ ಕೃಷಿ ಮೇಳದ 15 ನಯಾ ಪೈಸೆ, 1963ರ ‘ಹಸಿವಿನಿಂದ ಮುಕ್ತಿ’, ಇವು ಸ್ಮಾರಕ ಚೀಟಿಗಳು. 1955ರ ಪಂಚವಾರ್ಷಿಕ ಯೋಜನೆ ಸರಣಿಯ ಟ್ರ್ಯಾಕ್ಟರು, ಎತ್ತು ಕಟ್ಟಿ ನೀರೆತ್ತುವ ಬಾವಿ (ನಮ್ಮ ಕಪಿಲೆ ನೆನಪಾಗದೆ ಇರದು) ದಿನಬಳಕೆಯವು. ಎಸೆಯಬೇಡಿ, ಬೇರೆ ಹಾಳೆಯಲ್ಲಿಡಿ. ಮೂರು ಪೈ ಬೆಲೆಯ ಆ ಟ್ರ್ಯಾಕ್ಟರಿನ ಮೇಲೆ ನನಗಂತೂ ಸ್ಮಾರಕಗಳಿಗಿಂತ ಪ್ರೀತಿ ಜಾಸ್ತಿ.

ಈಗ ಕತ್ತರಿ ಕೆಳಗಿಡಿ, ಚೀಟಿಯ ಮೇಲೆ ಅಂಚೆ ಕಚೇರಿ ಒತ್ತಿದ ಠಸ್ಸೆ ನೋಡಿ. ಮಸಿ ಮುದ್ದೆಯಾಗಿ ಚಿತ್ರ ಮುಚ್ಚಿದ್ದರೆ ಅದು ಕೆಲಸಕ್ಕಿಲ್ಲ. ಮೂಲೆಗೆ ತೆಳ್ಳಗೆ ಬಿದ್ದಿದ್ದರೆ ಒಳ್ಳೆಯದು. ಊರು, ತಾರೀಖು ಎರಡೂ ಓದಲು ಬಂದರೆ ಚೀಟಿ ಬಿಡಿಸಲೇಬೇಡಿ; ಲಕೋಟೆ ಇಡಿಯಾಗಿ ಇರಲಿ. ಗೋಧಿಯ ಚೀಟಿಯ ಮೇಲೆ ಭತ್ತದ ಸೀಮೆಯ ಮಂಡ್ಯದ ಠಸ್ಸೆ ಕಂಡರೆ, ಬಿಡಿಸಲು ಮನಸ್ಸಾದರೂ ಹೇಗೆ ಬರಬೇಕು?

ಉಳಿದವನ್ನು ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಬಣ್ಣದ ಲಕೋಟೆಯ ಚೂರುಗಳನ್ನು ಬೇರೆ ಬಟ್ಟಲಿಗೇ ಹಾಕಿ. ಒಮ್ಮೆ ಮದುವೆ ಕಾಗದದ ಕೆಂಪು ಲಕೋಟೆಯನ್ನು ಎಲ್ಲದರ ಜೊತೆ ನೆನೆಹಾಕಿದ್ದೆ. ಅರ್ಧ ಗಂಟೆಯಲ್ಲಿ ನೀರು ಬೀಟ್‌ರೂಟ್ ಸಾರಿನಂತಾಗಿ, ಹನ್ನೊಂದು ಚೀಟಿಗಳ ಬಿಳಿ ಅಂಚು ಗುಲಾಬಿಯಾಯಿತು. ಎಷ್ಟು ತೊಳೆದರೂ ಹೋಗಲಿಲ್ಲ.

ತಣ್ಣೀರು ಸಾಕು. ಇಪ್ಪತ್ತು ನಿಮಿಷಕ್ಕೆ ಅಂಟು ಕರಗಿ ಚೀಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನೂ ಹತ್ತು ನಿಮಿಷ ಕಾಯಿರಿ, ಎಳೆಯಬೇಡಿ. ಒದ್ದೆ ಚೀಟಿ ನೆನೆದ ಹಪ್ಪಳದಷ್ಟೇ ಮೆದು, ಅಂಚಿನ ಒಂದು ಹಲ್ಲು ಮುರಿದರೂ ಬೆಲೆ ಇಳಿಯುತ್ತದೆ. ಹಿಂಬದಿಯ ಜಿಗುಟನ್ನು ಬೇರೆ ನೀರಿನಲ್ಲಿ ಬೆರಳಿನಿಂದ ಸವರಿ ತೆಗೆದು, ಬಿಳಿ ಬಟ್ಟೆಯ ಮೇಲೆ ಮುಖ ಕೆಳಗಾಗಿ ಹರಡಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಒಣಗಿದ ಮೇಲೆ ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಇಟ್ಟರೆ ಸುರುಟು ಹೋಗುತ್ತದೆ.

2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಘಮದ ನೂರು ರೂಪಾಯಿ ಚೀಟಿ ಸಿಕ್ಕರೆ ಮಾತ್ರ ನೀರಿನ ಹತ್ತಿರವೇ ಒಯ್ಯಬೇಡಿ. ಕಾಗದದ ಚೂರಿನ ಸಮೇತ ಆಲ್ಬಮ್ಮಿಗೆ ಸೇರಿಸಿ.

ಆಲ್ಬಮ್ಮಿನಲ್ಲಿ ಚೀಟಿಗೆ ನೇರ ಗೋಂದು ಹಚ್ಚಬಾರದು. ಪಾರದರ್ಶಕ ಪಟ್ಟಿಯ ಜೇಬು ಸಾಕು. ಕೆಳಗೆ ಪೆನ್ಸಿಲಿನಲ್ಲಿ ವರ್ಷ, ಬೆಲೆ, ಠಸ್ಸೆಯ ಊರು ಬರೆಯಿರಿ. ಲಕೋಟೆ ಯಾರ ಮನೆಯಿಂದ ಬಂತೆನ್ನುವುದನ್ನೂ ಬರೆದಿಡಿ. ಮುಂದಿನ ಕಟ್ಟು ಕೇಳಲು ಹೋಗಬೇಕಾದ್ದು ಅವರಲ್ಲಿಗೇ.