ಮರಿಗಾಗಿ ಸಾಕಿದ ಹೇಂಟೆಗಳ ಮೇವಿನಲ್ಲಿ ಮೆಂತ್ಯ, ಕಲೋಂಜಿ, ಅಗಸೆ: ನನ್ನ ಅನುಭವ

ಪೊನ್ನಂಪೇಟೆ ಸಮೀಪದ ನಮ್ಮ ಕಾಫಿ ತೋಟದ ಅಂಚಿನಲ್ಲಿ ಇಪ್ಪತ್ತು ನಾಟಿ ಹೇಂಟೆಗಳನ್ನು ಮರಿ ಮಾಡಿಸಲೆಂದೇ ಸಾಕಿದ್ದೇನೆ. ಕಕ್ಕಡ ಮಾಸದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯಲ್ಲಿ ಮೊಟ್ಟೆಗಳು ಸಿಗುತ್ತಿದ್ದವಾದರೂ ಕಾವಿಗಿಟ್ಟವುಗಳಲ್ಲಿ ಬಹಳಷ್ಟು ಮರಿಯಾಗದೆ ಹಾಳಾಗುತ್ತಿದ್ದವು. ಬಾಣಂತಿಗೆ ಕೊಡುವ ಮೆಂತ್ಯವನ್ನು ಹೇಂಟೆಗೂ ಕೊಟ್ಟು ನೋಡಿ ಎಂದು ನೆರೆಯ ಹಿರಿಯರೊಬ್ಬರು ಹೇಳಿದ್ದರಿಂದ ಈ ಪ್ರಯತ್ನ ಆರಂಭವಾಯಿತು.

ಮೊದಲ ವರ್ಷ ಪ್ರಮಾಣದಲ್ಲಿ ತಪ್ಪಿದೆ. ಕಿಲೋ ಮೇವಿಗೆ 30 ಗ್ರಾಂ ಮೆಂತ್ಯದ ಪುಡಿ ಬೆರೆಸಿದಾಗ ಹೇಂಟೆಗಳು ಕಹಿಗೆ ಮೇವನ್ನೇ ಕೆದಕಿ ಚೆಲ್ಲಿದವು, ಮೊಟ್ಟೆಯೂ ಕಡಿಮೆಯಾಯಿತು. ಈಗ ಕಿಲೋಗೆ ಹುರಿದ ಮೆಂತ್ಯ 5 ಗ್ರಾಂ, ಕಲೋಂಜಿ 5 ಗ್ರಾಂ, ಅಗಸೆ 30 ಗ್ರಾಂ ಮೀರುವುದಿಲ್ಲ. ಹಸಿ ಅಗಸೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುವುದರಿಂದ ಅದನ್ನು ಹುರಿದೇ ಕೊಡುತ್ತೇನೆ. ಪುಡಿಯಾದ ಅಗಸೆಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆಯಾದ್ದರಿಂದ ಒಂದು ವಾರಕ್ಕಾಗುವಷ್ಟನ್ನು ಮಾತ್ರ ಪುಡಿ ಮಾಡುತ್ತೇನೆ. ಅಂಗಡಿಯಲ್ಲಿ ಕರಿಜೀರಿಗೆ ಎಂದು ಕೇಳಿದರೆ ಕೆಲವೊಮ್ಮೆ ಕಾಡುಜೀರಿಗೆ ಕೈಗೆ ಬರುತ್ತದೆ; ಅದು ಬೇರೆಯೇ ಗಿಡದ ಬೀಜ, ಆದ್ದರಿಂದ ಕಲೋಂಜಿ ಎಂದೇ ಕೇಳಿ, ಮೂಲೆಗಳುಳ್ಳ ಕಪ್ಪು ಬೀಜವೇ ಎಂದು ನೋಡಿ ಕೊಳ್ಳಬೇಕು.

ಬೀಜಗಳಿಂದ ನಿಜಕ್ಕೂ ಪ್ರಯೋಜನವಾಯಿತೇ ಎಂದು ತಿಳಿಯಲು ಹತ್ತು ಹತ್ತು ಹೇಂಟೆಗಳ ಎರಡು ಗುಂಪು ಮಾಡಿ, ಒಂದಕ್ಕೆ ಬೀಜ ಬೆರೆಸಿದ ಮೇವನ್ನೂ ಇನ್ನೊಂದಕ್ಕೆ ಸಾದಾ ಮೇವನ್ನೂ ಕೊಟ್ಟೆ. ಮೊಟ್ಟೆಯ ಹಳದಿ ಭಾಗ ಹೇಂಟೆಯೊಳಗೆ ಬೆಳೆಯಲು ಸುಮಾರು ಹತ್ತು ದಿನ ಹಿಡಿಯುವುದರಿಂದ ಮೇವು ಬದಲಿಸಿದ ಮರುದಿನದ ಮೊಟ್ಟೆಯಿಂದ ಏನನ್ನೂ ತೀರ್ಮಾನಿಸಲಾಗದು. ಮೂರು ವಾರ ಕಾದ ಮೇಲಷ್ಟೇ ಮೊಟ್ಟೆಗಳನ್ನು ಕೂಡಿಟ್ಟೆ. ಹುಂಜದ ಗುಣದೋಷ ಮೇವಿನ ಲೆಕ್ಕಕ್ಕೆ ಸೇರಬಾರದೆಂದು ನಡುವೆ ಎರಡು ಗುಂಪುಗಳ ಹುಂಜಗಳನ್ನು ಅದಲುಬದಲು ಮಾಡಿ, ಹೇಂಟೆಯ ದೇಹದಲ್ಲಿ ಹಳೆಯ ವೀರ್ಯ ಸುಮಾರು ಎರಡು ವಾರ ಉಳಿಯುವುದರಿಂದ ಮತ್ತೆ ಮೂರು ವಾರ ಕಾದೆ. ಎರಡೂ ಗುಂಪಿನ ಮೊಟ್ಟೆಗಳನ್ನು ಗುರುತು ಹಾಕಿ ಒಂದೇ ಇನ್‌ಕ್ಯುಬೇಟರಿನಲ್ಲಿಟ್ಟು, ಏಳನೆಯ ದಿನ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದೆ. 21 ದಿನ ಕಳೆದ ಮೇಲೂ ಒಡೆಯದವುಗಳನ್ನು ಒಡೆದು ನೋಡಿದೆ. ಭ್ರೂಣವೇ ಕಟ್ಟದ ಮೊಟ್ಟೆಗಳು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದವು. ಕೊನೆಯ ವಾರದಲ್ಲಿ ಚಿಪ್ಪಿನೊಳಗೇ ಸತ್ತ ಮರಿಗಳು ಬೀಜ ತಿಂದ ಗುಂಪಿನಲ್ಲಿ ಕಡಿಮೆಯಿದ್ದವು. ನನ್ನ ಹಿಂಡು ಚಿಕ್ಕದಾದ್ದರಿಂದ ಇದರಿಂದ ಹೆಚ್ಚಿನದನ್ನು ಹೇಳಲಾರೆ.

ಇದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಮೇವಿನ ಚೀಲದಿಂದ. ನೆಲದ ಮೇಲಿಟ್ಟ ಚೀಲದ ತಳದಲ್ಲಿ ಜೋಳ ಬೂಷ್ಟು ಹಿಡಿದಿತ್ತು. ಅಂಥ ಮೇವಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹೇಂಟೆಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಮರಿಯಾಗುವ ಮೊಟ್ಟೆಗಳೂ ಕಡಿಮೆಯಾಗುತ್ತವೆ. ಚೀಲಗಳನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ ವರ್ಷ, ಬೀಜವಿಲ್ಲದ ಗುಂಪಿನಲ್ಲೂ ಮರಿಗಳು ಹಿಂದೆಂದಿಗಿಂತ ಹೆಚ್ಚಾಗಿ ಹೊರಬಂದವು. ಹೀಗಾಗಿ ಈಗ ಜೂನ್ ಬರುವ ಮೊದಲೇ ಅಟ್ಟವನ್ನು ಸಿದ್ಧಪಡಿಸಿ, ಆಮೇಲೆ ಬೀಜ ಹುರಿಯುತ್ತೇನೆ.