‘ಅಂತೆ’ಗೆ ಇಂಗ್ಲಿಷಿನಲ್ಲಿ ಎಷ್ಟು ಪದ?

ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ, ಪಾಳುಬಿದ್ದ ಆಬಿಯ, ಅಂದರೆ ಹಳೆಯ ಕ್ರೈಸ್ತ ಮಠದ, ಅಂಗಳದಲ್ಲಿ ನಿಂತು ನಾನು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಹಾಗಾದರೆ ಆ ಶಿಲುಬೆ ಡೂಪ್ಲಿಕೇಟಾ?’

1191ರಲ್ಲಿ ಇಲ್ಲಿಯ ಸನ್ಯಾಸಿಗಳು ನೆಲ ಅಗೆದಾಗ ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ಮೂಳೆ ಸಿಕ್ಕಿತು, ಅವನ ಹೆಸರು ಕೊರೆದ ಸೀಸದ ಶಿಲುಬೆಯೂ ಸಿಕ್ಕಿತು ಎಂಬ ಕಥೆಯನ್ನು ಆಗಷ್ಟೇ ಕೇಳಿ ಮುಗಿಸಿದ್ದೆ. ಹಾಸನದ ಅಂಗಡಿಯಲ್ಲಿ ವಾಚು ಕೊಳ್ಳುವಾಗ ‘ಡೂಪ್ಲಿಕೇಟ್ ಅಲ್ಲ ತಾನೇ?’ ಎಂದು ಕೇಳಿ ಬೆಳೆದವಳಿಗೆ ಬೇರೆ ಯಾವ ಪದ ಬರಬೇಕು? ಗುಂಪಿನ ಹಿರಿಯರೊಬ್ಬರು ತುಂಬ ಸೌಜನ್ಯದಿಂದ, ‘ಇಲ್ಲಮ್ಮ, ಡೂಪ್ಲಿಕೇಟೂ ಇಲ್ಲ. ಮೂಲ ಕಳೆದುಹೋಗಿ ಕಾಲವಾಯಿತು. ಚರಿತ್ರೆಕಾರ ವಿಲಿಯಂ ಕ್ಯಾಮ್ಡನ್ 1607ರಲ್ಲಿ ಅಚ್ಚು ಹಾಕಿಸಿದ ಚಿತ್ರವೊಂದೇ ಉಳಿದಿರೋದು’ ಎಂಬರ್ಥದಲ್ಲಿ ಉತ್ತರಿಸಿದರು. ಅವರ ಪಾಲಿಗೆ ಡೂಪ್ಲಿಕೇಟ್ ಅಂದರೆ ಇನ್ನೊಂದು ಪ್ರತಿ. ನನ್ನ ಪಾಲಿಗೆ ಮೋಸದ ಮಾಲು. ನಾನು ಕೇಳಬೇಕಿದ್ದ ಪದ ‘ಫೋರ್ಜರಿ’. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನನ್ನ ತಲೆಯಲ್ಲಿ ಫೋರ್ಜರಿ ಅಂದರೆ ಚೆಕ್ಕಿನ ಮೇಲೆ ಸುಳ್ಳು ಸಹಿ, ಅಷ್ಟೇ.

ಗಂಡನ ಕೆಲಸದ ದೆಸೆಯಿಂದ ಸಮರ್‌ಸೆಟ್‌ಗೆ ಬಂದು ಎರಡು ವರ್ಷವಾಗಿತ್ತು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರು. ಯಾರ ಜೊತೆಗಾದರೂ ಮಾತಾಡಬೇಕೆಂಬ ಆಸೆಗೇ ಊರಿನ ಇತಿಹಾಸದ ಗುಂಪು ಸೇರಿದ್ದೆ. ಬಹುತೇಕ ನಿವೃತ್ತರು. ನನ್ನ ತಾಯಿಗಿಂತ ದೊಡ್ಡವರನ್ನು ಬರಿ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ, ಮೊದಲ ಆರು ತಿಂಗಳು ಯಾರನ್ನೂ ಏನೂ ಎಂದೂ ಕರೆಯದೆ ಕಳೆದೆ. ಆಮೇಲೆ ತಿಂಗಳಿಗೊಂದು ಶನಿವಾರ ಊರಿನ ಹಳೆಯ ಚರ್ಚನ್ನು ಪ್ರವಾಸಿಗರಿಗೆ ತೋರಿಸುವ ಸರದಿ ನನಗೂ ಬಂತು. ಅಲ್ಲಿಂದ ಶುರುವಾಯಿತು ಪದಗಳ ಪರದಾಟ.

ಮೊದಲು ಮಾಡಿದ್ದು ತಪ್ಪು ಕೆಲಸ. ಕೋಟೆ, ಕವಚಗಳ ಪಟ್ಟಿ ಹಿಡಿದು ಉರುಹೊಡೆದೆ: ಹಾಬರ್ಕ್, ವೈಸರ್, ಪೋರ್ಟ್‌ಕಲಿಸ್, ಮೋಟ್, ಕೀಪ್. ಎರಡು ತಿಂಗಳು. ಅಷ್ಟರಲ್ಲಿ ಒಬ್ಬರೂ ನನ್ನೊಡನೆ ಹಾಬರ್ಕಿನ ಮಾತೆತ್ತಲಿಲ್ಲ. ಎತ್ತಿದ್ದರೂ ಬೆರಳು ತೋರಿಸಿ ‘ಅದು’ ಎಂದರೆ ಆಗುತ್ತಿತ್ತು. ತೋರಿಸಬಹುದಾದ ವಸ್ತುವಿನ ಹೆಸರು ಬಾರದಿದ್ದರೆ ಏನೂ ಮುಳುಗುವುದಿಲ್ಲ. ಸಿಕ್ಕಿಬೀಳುತ್ತಿದ್ದದ್ದು ಬೇರೆ ಕಡೆ.

ಕನ್ನಡದಲ್ಲಿ ‘ಆರ್ಥರನನ್ನು ಇಲ್ಲೇ ಹೂತಿದ್ದರಂತೆ’ ಎಂದುಬಿಡುತ್ತೇವೆ. ಆ ಕೊನೆಯ ‘ಅಂತೆ’ ನಮ್ಮನ್ನು ಕಾಪಾಡುತ್ತದೆ: ನಾನು ಕಂಡದ್ದಲ್ಲ, ಕೇಳಿದ್ದು, ಸುಳ್ಳೆಂದೂ ಹೇಳುತ್ತಿಲ್ಲ, ನಿಜವೆಂದೂ ಆಣೆ ಇಡುತ್ತಿಲ್ಲ. ನಂಬಿಕೆ ಎಷ್ಟು ಎಂಬುದನ್ನು ದನಿ ತೋರಿಸುತ್ತದೆ. ಅಜ್ಜಿ ಭಕ್ತಿಯಿಂದ ಹೇಳುವ ಅಂತೆ ಬೇರೆ, ನಾದಿನಿ ತುಟಿ ಕೊಂಕಿಸಿ ಎಳೆಯುವ ‘ಅಂತೇ’ ಬೇರೆ. ಇಂಗ್ಲಿಷಿನಲ್ಲಿ ಮಾತಾಡುವಾಗ ಈ ಅಂತೆಯನ್ನು ಎಲ್ಲಿಡಬೇಕೋ ತಿಳಿಯದೆ ನಾನು ಬಿಟ್ಟೇಬಿಡುತ್ತಿದ್ದೆ. ಹಾಗಾಗಿ ಕೇಳುವವರಿಗೆ, ಈ ಹೆಂಗಸು ಆರ್ಥರನ ಸಂಸ್ಕಾರಕ್ಕೆ ಖುದ್ದು ಹೋಗಿಬಂದಂತೆ ಮಾತಾಡುತ್ತಾಳಲ್ಲ ಅನ್ನಿಸಿರಬೇಕು.

ಇದು ಹೊಳೆದದ್ದು ಆಬಿಯಲ್ಲಿರುವ ಒಂದು ಫಲಕದಿಂದ. ಎರಡನೇ ಸಲ ಹೋದಾಗ ಅದರ ಫೋಟೊ ತೆಗೆದು, ಮನೆಗೆ ಬಂದು ಪದ ಪದ ಬಿಡಿಸಿದೆ. 1191ರಲ್ಲಿ ರಾಜ ರಾಣಿಯ ದೇಹಗಳು ಸಿಕ್ಕವೆಂದು ಹೇಳಲಾಗಿತ್ತು ಎಂಬುದು ಮೊದಲ ವಾಕ್ಯ. ‘ಸೆಡ್ ಟು ಹ್ಯಾವ್ ಬೀನ್ ಫೌಂಡ್’. ಅಲ್ಲಿದೆ ಅಂತೆ! ಎರಡನೇ ವಾಕ್ಯದಲ್ಲಿ ಅದು ಮಾಯ. 1278ರ ಏಪ್ರಿಲ್ 19ರಂದು ಒಂದನೇ ಎಡ್ವರ್ಡ್ ದೊರೆ, ಎಲಿನರ್ ರಾಣಿಯರ ಎದುರಿನಲ್ಲಿ ‘ಅವರ ಅವಶೇಷಗಳನ್ನು’ ಕಪ್ಪು ಅಮೃತಶಿಲೆಯ ಗೋರಿಗೆ ಸಾಗಿಸಲಾಯಿತು. ದೊರೆ ಬಂದದ್ದು, ಗೋರಿ ಕಟ್ಟಿದ್ದು, ಅದು 1539ರ ತನಕ ಉಳಿದದ್ದು ಎಲ್ಲವೂ ದಾಖಲೆಯಲ್ಲಿರುವ ಸಂಗತಿ. ಆದರೆ ‘ಅವರ’ ಎಂದರೆ ಯಾರ? ಆ ಸರ್ವನಾಮದ ಬೆನ್ನೇರಿ ಐತಿಹ್ಯ ಸದ್ದಿಲ್ಲದೆ ಇತಿಹಾಸದೊಳಕ್ಕೆ ದಾಟಿಬಿಟ್ಟಿದೆ. ಫಲಕ ಬರೆದವರು ಜಾಣರೋ, ಅವರಿಗೂ ಗೊತ್ತಾಗದೆ ನಡೆದದ್ದೋ, ಹೇಳಲಾರೆ. ನನಗಂತೂ ಅದೇ ಪಾಠಪುಸ್ತಕವಾಯಿತು.

ಆವತ್ತಿನಿಂದ ನೋಟ್‌ಬುಕ್ಕಿನ ರೀತಿಯೇ ಬದಲಾಯಿತು. ಬಿಡಿ ಪದ ಬರೆಯುವುದನ್ನು ಬಿಟ್ಟೆ. ಎಡಗಡೆ ಅಂತೆ ಸೇರಿಸಿದ ಒಂದು ಕನ್ನಡ ವಾಕ್ಯ. ಬಲಗಡೆ ಅದನ್ನೇ ನಂಬಿಕೆಯ ಬೇರೆ ಬೇರೆ ಹದದಲ್ಲಿ ಹೇಳುವ ಇಂಗ್ಲಿಷ್ ವಾಕ್ಯಗಳು. ಗುಂಪಿನ ಒಬ್ಬ ಹಿರಿಯಾಕೆ, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಚಹಾ ಕುಡಿಯುತ್ತ ತಿದ್ದಿಕೊಡುತ್ತಿದ್ದರು. ‘ರೆಪ್ಯೂಟೆಡ್ಲಿ’ ಎಂದರೆ ನಮ್ಮ ‘ಎಂಬ ಪ್ರತೀತಿ ಇದೆ’. ಅದರಲ್ಲಿ ಮರ್ಯಾದೆ ಉಂಟು. ‘ಟ್ರೆಡಿಷನ್ ಹ್ಯಾಸ್ ಇಟ್’ ಇನ್ನೂ ಮೃದು, ಚರ್ಚಿನೊಳಗೆ ಯಾರ ಮನಸ್ಸೂ ನೋಯದು. ‘ಸಪೋಸೆಡ್ಲಿ’ ನಾದಿನಿಯ ಅಂತೆ. ‘ಅಲೆಜೆಡ್ಲಿ’ಗೆ ಪೊಲೀಸ್ ಠಾಣೆಯ ವಾಸನೆ, ನಮ್ಮ ಪತ್ರಿಕೆಗಳ ‘ಎನ್ನಲಾದ’ ಇದ್ದ ಹಾಗೆ. ಒಮ್ಮೆ ನಾನು ನಮ್ಮ ಚರ್ಚಿನ ಸಂತರ ಬಗ್ಗೆ ‘ಅಲೆಜೆಡ್ಲಿ ಪವಾಡ ಮಾಡಿದರು’ ಎಂದಾಗ ಆಕೆ ನಕ್ಕು, ‘ಪಾಪ, ಅವರ ಮೇಲೆ ಕೇಸು ಹಾಕಬೇಡ’ ಎಂದರು. ಇನ್ನು ‘ಪರ್ಪೋರ್ಟೆಡ್’. ಇದು ಬಹಳ ದಿನ ಕೈಗೆ ಸಿಗಲಿಲ್ಲ. ವಸ್ತು ತಾನೇ ತನ್ನನ್ನು ಹೀಗೆಂದು ಹೇಳಿಕೊಳ್ಳುತ್ತಿದೆ, ನಾನಲ್ಲ, ಎಂಬ ಅರ್ಥ. ಆ ಸೀಸದ ಶಿಲುಬೆಗೆ ಹೇಳಿ ಮಾಡಿಸಿದ ಪದ: ‘ಪ್ರಸಿದ್ಧ ಅರಸ ಆರ್ಥರ್ ಇಲ್ಲಿ, ಅವಲಾನ್ ದ್ವೀಪದಲ್ಲಿ ಮಲಗಿದ್ದಾನೆ’ ಎಂದು ಅದೇ ತಾನೇ ಲ್ಯಾಟಿನ್ನಿನಲ್ಲಿ ಸಾರಿಕೊಂಡದ್ದು!

‘ಅಟೆಸ್ಟೆಡ್’ ಪದದ ಕಥೆಯನ್ನಂತೂ ಹೇಳಲೇಬೇಕು. ಆರ್ಥರ್ ತನ್ನ ಸರದಾರರೊಡನೆ ಕೂರುತ್ತಿದ್ದನೆನ್ನುವ ದುಂಡುಮೇಜು ಮೊದಲು ‘ಅಟೆಸ್ಟೆಡ್’ ಆದದ್ದು 1155ರಲ್ಲಿ, ವಾಸ್ ಎಂಬ ಕವಿಯ ಫ್ರೆಂಚ್ ಕಾವ್ಯದಲ್ಲಿ ಎಂದು ಒಬ್ಬರು ಹೇಳಿದಾಗ ನನ್ನ ಕಣ್ಣಮುಂದೆ ಬಂದದ್ದು ಮಾರ್ಕ್ಸ್ ಕಾರ್ಡಿನ ಜೆರಾಕ್ಸಿಗೆ ಹಸಿರು ಇಂಕಿನಲ್ಲಿ ಸಹಿ ಹಾಕುವ ಗೆಜೆಟೆಡ್ ಅಧಿಕಾರಿ. ಮೇಜಿಗೆ ಸೀಲು ಹೊಡೆದವರು ಯಾರಪ್ಪ ಎಂದುಕೊಂಡೆ. ಅರ್ಥ ಅಷ್ಟೇನೂ ದೂರವಿರಲಿಲ್ಲ: ಲಿಖಿತ ಆಧಾರ ಅಲ್ಲಿಂದ ಸಿಗುತ್ತದೆ ಎಂದಷ್ಟೇ. ಮೇಜು ಇತ್ತೆಂಬುದಕ್ಕೆ ಅದು ಸಾಕ್ಷಿಯಲ್ಲ, ಮೇಜಿನ ಮಾತು ಇತ್ತೆಂಬುದಕ್ಕೆ ಸಾಕ್ಷಿ. ವಿಂಚೆಸ್ಟರಿನ ಗ್ರೇಟ್ ಹಾಲ್‌ನಲ್ಲಿ ಐದೂವರೆ ಮೀಟರ್ ಅಡ್ಡಳತೆಯ ಓಕ್ ಮೇಜೊಂದು ಗೋಡೆಯ ಮೇಲೆ ತೂಗುತ್ತಿದೆ, ಕಣ್ಣಾರೆ ನೋಡಿದ್ದೇನೆ. ಮರ ಹದಿಮೂರನೇ ಶತಮಾನದ್ದು, ಬಣ್ಣ ಎಂಟನೇ ಹೆನ್ರಿಯ ಕಾಲದ್ದು. ಫೇಕ್ ಅನ್ನಲಾಗದು, ಏಕೆಂದರೆ ಮಾಡಿಸಿದವರು ಮೋಸ ಮಾಡಲು ಮಾಡಿಸಿದ್ದೆಂದು ಯಾರು ಹೇಳಿದರು? ರೆಪ್ಲಿಕಾ ಅನ್ನಲಾಗದು, ಮೂಲವೇ ಇಲ್ಲ. ಅಲ್ಲಿ ಕೇಳಿ ಕಲಿತ ಪದ ‘ಆರ್ಥೂರಿಯನ್ ರಿವೈವಲ್’. ಹಳೆಯ ಕಥೆಯನ್ನು ದೊರೆಗಳೇ ವೇಷ ಕಟ್ಟಿ ಆಡುವ ಹಂಬಲ ಅನ್ನಬಹುದೇನೋ.

ಮಿತ್ ಎಂಬ ಪದದ ಮೇಲೆ ಜಗಳವನ್ನೂ ಆಡಿದ್ದೇನೆ. ನಾನು ಯಾವುದೋ ಸ್ಥಳಪುರಾಣ ಹೇಳಿದಾಗ ಒಬ್ಬರು ‘ಓ, ನಿಮ್ಮ ಮಿತ್’ ಎಂದರು. ಸುಳ್ಳು ಅಂದರು ಎಂದುಕೊಂಡು ಮುಖ ಊದಿಸಿಕೊಂಡೆ. ಪೇಪರಿನಲ್ಲಿ ‘ಡಯಟ್ ಕುರಿತ ಐದು ಮಿತ್‌ಗಳು’ ಎಂದು ಓದಿದವಳಲ್ಲವೇ. ಅವರ ಅರ್ಥ ಮಾತ್ರ ದೇವತೆಗಳ, ಸೃಷ್ಟಿಯ ಕಥೆ. ಒಂದು ಕಾಲ, ಒಂದು ಊರು, ಒಬ್ಬ ಮನುಷ್ಯನಿಗೆ ಅಂಟಿಕೊಂಡರೆ ಅದು ಲೆಜೆಂಡ್. ಲೆಜೆಂಡ್ ಪದದ ಲ್ಯಾಟಿನ್ ಮೂಲಕ್ಕೆ ‘ಓದತಕ್ಕದ್ದು’ ಎಂದರ್ಥ; ಸಂತರ ಹಬ್ಬದ ದಿನ ಅವರ ಚರಿತ್ರೆಯನ್ನು ಗಟ್ಟಿಯಾಗಿ ಓದುತ್ತಿದ್ದರಲ್ಲ, ಅದರಿಂದ ಬಂದದ್ದು. ನಮ್ಮ ದಂತಕಥೆ ಹಲ್ಲಿನ ಸಂದಿಯಿಂದ ಬಂದದ್ದು, ಅವರದು ಪುಸ್ತಕದ ಹಾಳೆಯಿಂದ. ಐತಿಹ್ಯ, ಇತಿಹಾಸಗಳೆರಡೂ ‘ಇತಿ ಹ’ ಎಂಬ ಒಂದೇ ಬೇರಿನ ಮಕ್ಕಳು ಎಂದು ನಾನು ಹೇಳಿದರೆ, ಸ್ಟೋರಿ ಮತ್ತು ಹಿಸ್ಟರಿಯೂ ಹಾಗೆಯೇ ಎಂದು ಅವರು ಹೇಳಿದರು. ಜಗಳ ಅಲ್ಲಿಗೆ ಮುಗಿಯಿತು.

ಗೊತ್ತಿದ್ದ ಪದಗಳು ಕೊಟ್ಟಷ್ಟು ಕಾಟವನ್ನು ಗೊತ್ತಿಲ್ಲದವು ಕೊಡಲಿಲ್ಲ. ‘ಡಿಸಲ್ಯೂಷನ್’ ಎಂದಾಗ ಉಪ್ಪು ನೀರಿನಲ್ಲಿ ಕರಗುವುದು ನೆನಪಾಗುತ್ತಿತ್ತು. ಅದು ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ ಪ್ರಕರಣ. ಗ್ಲಾಸ್ಟನ್‌ಬರಿಯ ಕೊನೆಯ ಮಠಾಧಿಪತಿ ರಿಚರ್ಡ್ ವೈಟಿಂಗ್ ಅವರನ್ನು 1539ರಲ್ಲಿ ಟಾರ್ ಗುಡ್ಡದ ಮೇಲೆ ನೇಣಿಗೆ ಹಾಕಿದರು. ಇಂಥದ್ದಕ್ಕೆ ಎಂಥ ಮೆತ್ತನೆಯ ಹೆಸರು! ‘ಟ್ರಾನ್ಸ್‌ಲೇಷನ್’ ಅಂದರೆ ಅನುವಾದವಲ್ಲ, ಸಂತರ ಮೂಳೆಗಳನ್ನು ವಿಧಿಪೂರ್ವಕವಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ‘ವಿಲನ್’ ಎಂದು ಕೇಳಿಸಿದ್ದು ಸಿನಿಮಾದ ಖಳನಾಯಕನಲ್ಲ. ಒಡೆಯನ ಜಮೀನಿಗೆ ಕಟ್ಟುಬಿದ್ದ ರೈತ. ಬರೆಯುವಾಗ ಕಾಗುಣಿತ ಬೇರೆ, ಕಿವಿಗೆ ಎರಡೂ ಒಂದೇ. 1086ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಊರೂರಿಗೂ ಇಷ್ಟಿಷ್ಟು ವಿಲನ್‌ಗಳು ಎಂದಿರುವುದನ್ನು ಕೇಳಿ ಇಂಗ್ಲೆಂಡಿನ ಬಗ್ಗೆ ನನಗೆ ಒಂದು ವಾರ ಭಯವೇ ಇತ್ತು. ರೈತನ ಹೆಸರೇ ಕಾಲಾಂತರದಲ್ಲಿ ದುಷ್ಟನ ಹೆಸರಾದದ್ದು ತಿಳಿದ ಮೇಲೆ ಆ ಭಯ ಹೋಗಿ ಸಿಟ್ಟು ಬಂತು.

ಕನ್ನಡ ಎಷ್ಟೋ ಕಡೆ ಕೈಹಿಡಿಯಿತು. ‘ವ್ಯಾಸಲ್’ಗೆ ಸಾಮಂತ, ‘ಫೀಫ್’ಗೆ ಉಂಬಳಿ ಎಂದು ಬರೆದುಕೊಂಡೆ, ಸರಿಯಾಗಿ ಹೊಂದದಿದ್ದರೂ ನೆನಪಿಗೆ ಸಾಕು. ‘ಇಂಟರ್ಪೊಲೇಷನ್’ ಅರ್ಥವಾಗದೆ ತಲೆ ಕೆರೆದುಕೊಂಡಿದ್ದೆ. ಪ್ರಕ್ಷಿಪ್ತ ಎಂದು ತಿಳಿದದ್ದೇ ನಿರಾಳ. ಅದಕ್ಕೆ ಉದಾಹರಣೆಯೂ ಅಲ್ಲೇ ಇತ್ತು. ಮಾಮ್ಸ್‌ಬರಿಯ ವಿಲಿಯಂ ಎಂಬ ಸನ್ಯಾಸಿ 1125ರ ಸುಮಾರಿಗೆ, ಆರ್ಥರನ ಸಮಾಧಿ ಎಲ್ಲೂ ಕಾಣಸಿಗದು ಎಂದು ಬರೆದಿದ್ದ. ಗ್ಲಾಸ್ಟನ್‌ಬರಿಯ ಬಗ್ಗೆಯೇ ಆತ ಬರೆದ ಇನ್ನೊಂದು ಕೃತಿಗೆ ಆಬಿಯವರು ಆಮೇಲೆ ತಮಗೆ ಬೇಕಾದದ್ದನ್ನೆಲ್ಲ ಸೇರಿಸಿಕೊಂಡರು. 1184ರಲ್ಲಿ ಬೆಂಕಿ ಬಿದ್ದು ಆಬಿ ಸುಟ್ಟಿತ್ತು, ಕಟ್ಟಲು ದುಡ್ಡು ಬೇಕಿತ್ತು. 1191ರಲ್ಲಿ ಸಮಾಧಿ ಸಿಕ್ಕಿತು. ಇದನ್ನು ಹೇಳಲು ಇಂಗ್ಲಿಷರ ಬಳಿ ಒಂದು ಸೊಗಸಾದ ಪದವಿದೆ: ‘ಕನ್ವೀನಿಯೆಂಟ್ಲಿ’. ಯಾರನ್ನೂ ಸುಳ್ಳುಗಾರ ಅನ್ನದೆ ಎಲ್ಲವನ್ನೂ ಹೇಳಿ ಮುಗಿಸುತ್ತದೆ.

ಕಳೆದ ವರ್ಷ ಗುಂಪಿನಲ್ಲಿ ಇಪ್ಪತ್ತು ನಿಮಿಷ ಮಾತಾಡಲು ನನ್ನನ್ನೇ ಕರೆದರು. ಆರ್ಥರನ ಬಗ್ಗೆ ಅವರಿಗೆ ನಾನೇನು ಹೇಳಲಿ? ಸಳನನ್ನು ಆರಿಸಿಕೊಂಡೆ. ಮೊದಲು ಇಡೀ ಕಥೆಯನ್ನು ಕನ್ನಡದಲ್ಲಿ, ಪ್ರತಿ ವಾಕ್ಯಕ್ಕೂ ಅಂತೆ ಹಚ್ಚಿ ಬರೆದೆ. ಆಮೇಲೆ ಒಂದೊಂದು ಅಂತೆಯನ್ನೂ ಕಿತ್ತು ನೋಡಿದೆ. ಸೊಸೆವೂರು ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ: ಇಲ್ಲಿ ಅಂತೆ ಬೇಡ, ಊರು ಇವತ್ತಿಗೂ ಇದೆ. ವಾಸಂತಿಕಾ ದೇವಿಯ ಗುಡಿಯಲ್ಲಿ ಹುಲಿ ಮೇಲೆರಗಿದಾಗ ಜೈನ ಮುನಿ ‘ಪೊಯ್ ಸಳ’ ಎಂದು ಕೂಗಿದ: ಇದಕ್ಕೆ ‘ಲೆಜೆಂಡ್ ಹ್ಯಾಸ್ ಇಟ್’. ಈ ಕಥೆ ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿದೆ: ‘ಅಟೆಸ್ಟೆಡ್’, ಗೆಜೆಟೆಡ್ ಸೀಲಿನ ಸಮೇತ. ಪೊಯ್ಸಳ ಎಂಬ ಹೆಸರು ಅದಕ್ಕೂ ಹಿಂದಿನದು, ಆದ್ದರಿಂದ ಸಳ ‘ಎಪೊನಿಮಸ್’ ಮೂಲಪುರುಷ, ಅಂದರೆ ಹೆಸರಿಗೆ ವಿವರಣೆಯಾಗಿ ಹುಟ್ಟಿದವನಿರಬಹುದು. 1116ರಲ್ಲಿ ತಲಕಾಡಿನಲ್ಲಿ ಹುಲಿ ಲಾಂಛನದ ಚೋಳರನ್ನು ಗೆದ್ದದ್ದಕ್ಕೂ ಹುಲಿ ಕೊಂದ ಶಿಲ್ಪಕ್ಕೂ ನಂಟು ಕಾಣುವವರಿದ್ದಾರೆ: ‘ಸಮ್ ಸ್ಕಾಲರ್ಸ್ ರೀಡ್ ಇಟ್ ಆಸ್’. ಇಷ್ಟು ಮಾಡಲು ಮೂರು ವಾರ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಕಲಿತದ್ದರ ಕಾಲುಭಾಗವೂ ಖರ್ಚಾಗಲಿಲ್ಲ, ಹಾಬರ್ಕಂತೂ ಬರಲೇ ಇಲ್ಲ.

ಮಾತು ಮುಗಿದ ಮೇಲೆ ಬೇಲೂರಿನ ಶಿಲ್ಪದ ಫೋಟೊವನ್ನು ಹತ್ತಿರದಿಂದ ನೋಡುತ್ತಿದ್ದ ಒಬ್ಬರು, ‘ಹುಲಿ ಅಂದಿರಿ, ಇದಕ್ಕೆ ಕೇಸರ ಇದೆಯಲ್ಲ?’ ಎಂದರು. ಶಾಸನ ಹುಲಿ ಅನ್ನುತ್ತದೆ, ಕೆತ್ತಿದವರ ಕೈ ಸಿಂಹದ ಕಡೆ ವಾಲಿದೆ ಎಂದು, ಸಿಕ್ಕ ಪದಗಳನ್ನೆಲ್ಲ ಜೋಡಿಸಿ ಹೇಳಿದೆ. ‘ಡಿಸ್ಕ್ರೈಬ್ಡ್ ಆಸ್’ ಒಂದಕ್ಕೆ, ‘ಡಿಪಿಕ್ಟೆಡ್ ಆಸ್’ ಇನ್ನೊಂದಕ್ಕೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

‘ಹುಲೀನೇ ಕಣೇ. ನಮ್ಮ ಮಲೆನಾಡಲ್ಲಿ ಸಿಂಹ ಎಲ್ಲಿಂದ ಬರಬೇಕು?’ ಎಂದರು ಅಮ್ಮ. ಅಂತೆ ಹಾಕಲಿಲ್ಲ.